ಶಾಲೆ ಮುಚ್ಚಿದಾಗ ಮಗುವನ್ನು ವಿಚಾರಿಸುವವರು ಯಾರು?

ಸಂಪಾದಕರಿಗೆ,

ಮಾನ್ಯರೇ,

ಮುಂದೊಮ್ಮೆ ಸಾಂಕ್ರಾಮಿಕ ರೋಗ ಹರಡಿ ಶಾಲೆಗಳನ್ನು ತಿಂಗಳುಗಟ್ಟಲೆ ಮುಚ್ಚಬೇಕಾಗಿ ಬಂದರೆ ಸರ್ಕಾರಿ ಶಾಲೆಗಳ ಮಕ್ಕಳ ಕಲಿಕೆಯನ್ನು ಹೇಗೆ ಮುಂದುವರಿಸಬೇಕು ಎಂಬ ಚರ್ಚೆ ಎದ್ದಾಗಲೆಲ್ಲ ಮಾತು ಟ್ಯಾಬ್ಲೆಟ್, ಆ್ಯಪ್, ಅಂತರ್ಜಾಲ ಸಂಪರ್ಕ ಮತ್ತು ವಿಡಿಯೊ ಪಾಠಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಇವು ಬೇಡವೆಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ವೃತ್ತಿಬದುಕನ್ನೆಲ್ಲ ಸರ್ಕಾರಿ ಶಾಲೆಯ ತರಗತಿಗಳಲ್ಲೇ ಕಳೆದ ನನಗೆ, ದೂರದಿಂದ ಮಗುವಿಗೆ ನೆರವಾಗುವ ಯಾವ ಯೋಜನೆಯಾದರೂ ಆರಂಭವಾಗಬೇಕಾದದ್ದು ಬೇರೊಂದು ಕಡೆಯಿಂದ ಎಂದು ದೃಢವಾಗಿ ಅನಿಸುತ್ತದೆ. ದಾಖಲಾತಿಯಲ್ಲಿರುವ ಪ್ರತಿಯೊಂದು ಮಗುವಿಗೂ ಹೆಸರು ಹಿಡಿದು ಹೊಣೆ ಹೊತ್ತ ಒಬ್ಬ ಶಿಕ್ಷಕರಿರಬೇಕು. ಅವರು ವಾರಕ್ಕೊಮ್ಮೆಯಾದರೂ ಆ ಮಗುವಿನೊಂದಿಗೆ ನೇರವಾಗಿ ಮಾತನಾಡಬೇಕು. ಮಾತನಾಡಲು ಆಗದೇ ಹೋದರೆ ಆ ಸಂಗತಿ ಮೇಲಿನವರಿಗೆ ತಿಳಿಯಬೇಕು, ತಿಳಿದ ಮೇಲೆ ಯಾರಾದರೂ ಅದರ ಬೆನ್ನು ಹತ್ತಬೇಕು. ಇಷ್ಟು ಏರ್ಪಾಡು ಆಗದೆ ಪಾಠಗಳನ್ನು ಎಷ್ಟು ಚೆನ್ನಾಗಿ ಚಿತ್ರೀಕರಿಸಿ ಕಳುಹಿಸಿದರೂ ಅವು ಸೇರಬೇಕಾದ ಮಕ್ಕಳನ್ನು ಸೇರುವುದಿಲ್ಲವೆಂಬುದಕ್ಕೆ ಕಳೆದ ಸಾಂಕ್ರಾಮಿಕವೇ ಸಾಕಷ್ಟು ಸಾಕ್ಷ್ಯ ಬಿಟ್ಟುಹೋಗಿದೆ.

2020ರಲ್ಲಿ 190ಕ್ಕೂ ಹೆಚ್ಚು ದೇಶಗಳಲ್ಲಿ ಶಾಲೆ, ಕಾಲೇಜುಗಳು ಮುಚ್ಚಿ ಸುಮಾರು 160 ಕೋಟಿ ವಿದ್ಯಾರ್ಥಿಗಳು ಮನೆಯಲ್ಲಿ ಉಳಿದರು. ಅದೇ ವರ್ಷ ಆಗಸ್ಟ್‌ನಲ್ಲಿ ಯುನಿಸೆಫ್ ಪ್ರಕಟಿಸಿದ ಲೆಕ್ಕದ ಪ್ರಕಾರ ಕನಿಷ್ಠ 46.3 ಕೋಟಿ ಮಕ್ಕಳಿಗೆ, ಅಂದರೆ ಜಗತ್ತಿನ ಶಾಲಾ ಮಕ್ಕಳ ಪೈಕಿ ಮೂರನೇ ಒಂದು ಭಾಗದಷ್ಟು ಮಕ್ಕಳಿಗೆ, ರೇಡಿಯೊ, ದೂರದರ್ಶನ, ಅಂತರ್ಜಾಲ ಇವುಗಳಲ್ಲಿ ಯಾವುದರ ಮೂಲಕವೂ ಪಾಠ ತಲುಪಿಸುವ ದಾರಿ ಇರಲಿಲ್ಲ. ಈ ಅಂಕಿಯನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಮಾತಿದೆ. ಇದು ಮನೆಯಲ್ಲಿ ಸಾಧನ ಇದೆಯೇ, ಆ ದೇಶ ಆ ಸಾಧನದ ಮೂಲಕ ಪಾಠ ನೀಡಿತೇ ಎಂಬುದನ್ನಷ್ಟೇ ನೋಡಿ ಮಾಡಿದ ಲೆಕ್ಕ. ಮನೆಯಲ್ಲಿ ಟಿ.ವಿ. ಇದ್ದರೂ ಪಾಠದ ಹೊತ್ತಿಗೆ ಮಗು ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುತ್ತಿದ್ದರೆ, ಫೋನ್ ಇದ್ದರೂ ಅದು ಹಗಲೆಲ್ಲ ಅಪ್ಪನ ಜೇಬಿನಲ್ಲಿ ಕೆಲಸದ ಜಾಗದಲ್ಲಿದ್ದರೆ, ಲೆಕ್ಕದ ಹಾಳೆಯಲ್ಲಿ ಆ ಮಗು ಪಾಠ ತಲುಪಬಹುದಾದವರ ಪಟ್ಟಿಯಲ್ಲೇ ಸೇರಿಹೋಗುತ್ತದೆ. ನಿಜಸ್ಥಿತಿ ಇನ್ನೂ ಕೆಟ್ಟದಾಗಿರಬಹುದೆಂದು ಯುನಿಸೆಫ್ ಕೂಡ ಆಗಲೇ ಎಚ್ಚರಿಸಿತ್ತು.

ಸಾಧನ ಕೊಟ್ಟರೆ ಸಮಸ್ಯೆ ಅರ್ಧ ಮುಗಿದಂತೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸಿದವರು ಹಳೆಯ ಕಾಲದವರೆನಿಸಿಕೊಳ್ಳುತ್ತಾರೆ. ಆ ಅಪವಾದ ಹೊರಲು ನನಗೆ ಅಡ್ಡಿಯಿಲ್ಲ. ಪೆರು ದೇಶದ ಗ್ರಾಮೀಣ ಭಾಗದ 319 ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ, ಮಗುವಿಗೊಂದು ಲ್ಯಾಪ್‌ಟಾಪ್ ನೀಡುವ ಕಾರ್ಯಕ್ರಮವನ್ನು ಕೋವಿಡ್‌ಗಿಂತ ಬಹಳ ಮೊದಲೇ ಸಂಶೋಧಕರು ಪರೀಕ್ಷೆಗೆ ಒಡ್ಡಿದ್ದರು. ಕಂಪ್ಯೂಟರ್ ಬಳಕೆ ವಿಪರೀತ ಹೆಚ್ಚಿತ್ತು. ಗಣಿತ ಮತ್ತು ಭಾಷೆಯ ಪರೀಕ್ಷೆಗಳಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸವೇನೂ ಕಾಣಲಿಲ್ಲ. ಇನ್ನು, ಎಲ್ಲ ಸೌಲಭ್ಯಗಳೂ ಇದ್ದ ಕಡೆ ಏನಾಯಿತೆಂಬುದನ್ನು ನೋಡಬೇಕಿದ್ದರೆ ನೆದರ್‌ಲೆಂಡ್ಸ್‌ಗೆ ಹೋಗಬೇಕು. ಮನೆಮನೆಯಲ್ಲೂ ವೇಗದ ಅಂತರ್ಜಾಲವಿರುವ, ಮೊದಲ ಸುತ್ತಿನಲ್ಲಿ ಕೇವಲ ಎಂಟು ವಾರ ಶಾಲೆ ಮುಚ್ಚಿದ್ದ ಆ ದೇಶದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಮನೆಯಲ್ಲಿದ್ದಾಗ ಹೊಸದಾಗಿ ಕಲಿತದ್ದು ಇಲ್ಲವೆನ್ನುವಷ್ಟು ಕಡಿಮೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಹೆಚ್ಚು ಓದಿರದ ತಂದೆತಾಯಿಗಳ ಮಕ್ಕಳಲ್ಲಿ ಈ ನಷ್ಟ ಉಳಿದವರಿಗಿಂತ ಶೇ 60ರವರೆಗೂ ಹೆಚ್ಚಾಗಿತ್ತು. ಪರದೆ ಎರಡೂ ಬಗೆಯ ಮನೆಗಳಲ್ಲಿತ್ತು. ಪರದೆಯ ಪಕ್ಕದಲ್ಲಿ ಕುಳಿತು ‘ಇದು ಹೀಗಲ್ಲ, ಇನ್ನೊಮ್ಮೆ ನೋಡು’ ಎನ್ನಬಲ್ಲವರು ಒಂದು ಬಗೆಯ ಮನೆಯಲ್ಲಷ್ಟೇ ಇದ್ದರು. ಸರ್ಕಾರಿ ಶಾಲೆಗಳು ತುಂಬಬೇಕಾದ ಕೊರತೆ ಇದು.

ಪ್ರಸಾರದ ಪಾಠಗಳ ಇತಿಹಾಸವೂ ಇದನ್ನೇ ಹೇಳುತ್ತದೆ. 1937ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಪೋಲಿಯೊ ಹರಡಿ ಶಾಲೆಗಳ ಆರಂಭ ಮುಂದಕ್ಕೆ ಹೋದಾಗ, 3ರಿಂದ 8ನೇ ತರಗತಿಯವರೆಗಿನ ಸುಮಾರು 3.15 ಲಕ್ಷ ಮಕ್ಕಳಿಗೆ ಸ್ಥಳೀಯ ರೇಡಿಯೊ ಕೇಂದ್ರಗಳ ಮೂಲಕ ಹದಿನೈದು ನಿಮಿಷಗಳ ಪಾಠಗಳನ್ನು ಪ್ರಸಾರ ಮಾಡಲಾಯಿತು. ದಿನದ ವೇಳಾಪಟ್ಟಿ, ಪ್ರಶ್ನೆಗಳು ಮತ್ತು ಮನೆಗೆಲಸವನ್ನು ಪತ್ರಿಕೆಗಳು ಮುದ್ರಿಸುತ್ತಿದ್ದವು. (ತಮ್ಮಂತಹ ಸಂಪಾದಕರು ಈ ಸಂಗತಿಯನ್ನು ಗಮನಿಸಬೇಕೆಂದು ವಿನಂತಿ.) ನನಗೆ ಬಹಳ ಮುಖ್ಯವಾಗಿ ಕಾಣುವುದು ಆ ಏರ್ಪಾಡಿನಲ್ಲಿದ್ದ ದೂರವಾಣಿ. ಶಿಕ್ಷಣ ಕಚೇರಿಯಲ್ಲಿ ಪೋಷಕರ ಕರೆಗಳಿಗೆ ಉತ್ತರಿಸಲು ಶಿಕ್ಷಕರನ್ನು ಕೂರಿಸಲಾಗಿತ್ತು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆಗಳು ಬಂದು, ಸಿಬ್ಬಂದಿಯ ಸಂಖ್ಯೆಯನ್ನು ಹೆಚ್ಚಿಸಬೇಕಾಯಿತು. ಪಾಠದ ವೇಗ ಹೆಚ್ಚಾಯಿತು, ಕೆಲವು ಮನೆಗಳಿಗೆ ರೇಡಿಯೊ ಸರಿಯಾಗಿ ಕೇಳುತ್ತಿಲ್ಲ, ಹಿಂದುಳಿದ ಮಗುವಿಗೆ ಮತ್ತೆ ಕೇಳುವ ಅವಕಾಶವಿಲ್ಲ ಎಂಬ ದೂರುಗಳು ಆಗಲೇ ಇದ್ದವು. ಎಂಬತ್ಮೂರು ವರ್ಷಗಳ ನಂತರ ವಿಡಿಯೊ ಪಾಠಗಳ ಬಗ್ಗೆ ಕೇಳಿಬಂದ ದೂರುಗಳನ್ನು ಇವುಗಳ ಪಕ್ಕದಲ್ಲಿಟ್ಟರೆ ರೇಡಿಯೊ ಎಂಬ ಪದವನ್ನು ಬದಲಿಸಿದರೆ ಸಾಕು.

ಮೆಕ್ಸಿಕೊದ ಉದಾಹರಣೆಯನ್ನೂ ಇಲ್ಲಿ ಹೇಳಬೇಕು. 2020ರ ಆಗಸ್ಟ್‌ನಲ್ಲಿ ಆ ದೇಶ ಖಾಸಗಿ ಟಿ.ವಿ. ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಂಡು ಮೂರು ಕೋಟಿಯಷ್ಟು ವಿದ್ಯಾರ್ಥಿಗಳಿಗೆ ದೂರದರ್ಶನದ ಮೂಲಕ ಪಾಠ ಆರಂಭಿಸಿತು. ಅಂತರ್ಜಾಲವಿಲ್ಲದ ಮನೆಗಳು ಬಹಳವಿರುವ ದೇಶದಲ್ಲಿ ಇದು ವಿವೇಕದ ತೀರ್ಮಾನವೇ ಆಗಿತ್ತು, ಟಿ.ವಿ. ಪಾಠದಲ್ಲಿ ಆ ದೇಶಕ್ಕೆ ದೀರ್ಘ ಅನುಭವವೂ ಇತ್ತು. 1968ರಿಂದ ಅಲ್ಲಿನ ದೂರದ ಹಳ್ಳಿಗಳಲ್ಲಿ ‘ಟೆಲೆಸೆಕುಂದಾರಿಯಾ’ ಎಂಬ ವ್ಯವಸ್ಥೆಯಡಿ ಪ್ರೌಢಶಾಲೆಯ ಪಾಠಗಳು ಟಿ.ವಿ.ಯ ಮೂಲಕವೇ ನಡೆಯುತ್ತಿವೆ. ಆದರೆ ಆ ಶಾಲೆಗಳಲ್ಲಿ ಟಿ.ವಿ.ಯ ಪಕ್ಕದಲ್ಲಿ ಒಬ್ಬ ಶಿಕ್ಷಕರು ಇರುತ್ತಾರೆ. ಪಾಠ ಮುಗಿದ ಕೂಡಲೇ ಮಕ್ಕಳೊಂದಿಗೆ ಚರ್ಚಿಸಿ, ಅಭ್ಯಾಸ ಮಾಡಿಸಿ, ತಪ್ಪು ತಿದ್ದುವುದು ಅವರ ಕೆಲಸ. ಶಾಲೆ ಮುಚ್ಚಿದಾಗ ಟಿ.ವಿ. ಮನೆಗೆ ಬಂತು, ಶಿಕ್ಷಕರು ಬರಲಾಗಲಿಲ್ಲ. ಪ್ರಸಾರಕ್ಕೆ ಎಷ್ಟು ಶ್ರಮ ವಹಿಸಲಾಯಿತೋ ಅಷ್ಟೇ ಶ್ರಮವನ್ನು ಆ ಶಿಕ್ಷಕರ ಜಾಗ ತುಂಬಲು ವಹಿಸಬೇಕಾಗಿತ್ತು ಎಂಬುದು ನನ್ನ ವಾದ.

ಆ ಜಾಗವನ್ನು ತುಂಬುವುದು ಹೇಗೆ? ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಸಣ್ಣ ಗುಂಪುಗಳಲ್ಲಿ ಕಲಿಸುವುದು ಒಂದು ದಾರಿ. ಕರ್ನಾಟಕದ ಶಿಕ್ಷಣ ಇಲಾಖೆ 2020ರಲ್ಲಿ ನಡೆಸಿದ ವಿದ್ಯಾಗಮ ಕಾರ್ಯಕ್ರಮ ಅಂಥದ್ದೊಂದು ಪ್ರಯತ್ನವಾಗಿತ್ತು. ಸೋಂಕಿನ ಆತಂಕ ಹೆಚ್ಚಿದ್ದರಿಂದ ಆ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ರೋಗ ತೀವ್ರವಾಗಿದ್ದಾಗ ಮುಖಾಮುಖಿ ಭೇಟಿ ಅಸಾಧ್ಯವಾಗುತ್ತದೆ, ಮತ್ತು ನೆರವು ಅತ್ಯಂತ ಅಗತ್ಯವಿರುವುದೂ ಆಗಲೇ. ಹಾಗಾಗಿ ಉಳಿಯುವುದು ಧ್ವನಿಯೊಂದೇ. ಇದಕ್ಕೆ ಕೀಪ್ಯಾಡ್ ಇರುವ ಮಾಮೂಲಿ ಫೋನ್ ಸಾಕು, ಡೇಟಾ ಬೇಕಿಲ್ಲ. ಮನೆಯಲ್ಲಿ ಫೋನ್ ಇಲ್ಲದಿದ್ದರೆ ನೆರೆಮನೆಯವರ ಫೋನ್‌ಗೆ ಗೊತ್ತಾದ ಹೊತ್ತಿನಲ್ಲಿ ಕರೆ ಮಾಡುವುದೂ ಸಾಧ್ಯ.

ಇದು ಕೇವಲ ಭಾವನೆಯ ಮಾತಲ್ಲ. 2020ರಲ್ಲಿ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಸುಮಾರು 4,500 ಕುಟುಂಬಗಳನ್ನು ಒಳಗೊಂಡ ಒಂದು ಪ್ರಯೋಗ ನಡೆಯಿತು. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಮೊಬೈಲ್ ಸಂದೇಶದ ಮೂಲಕ ಗಣಿತದ ಸರಳ ಲೆಕ್ಕಗಳನ್ನು ಕಳುಹಿಸಲಾಯಿತು. ಇನ್ನು ಕೆಲವು ಮನೆಗಳಿಗೆ ಸಂದೇಶದ ಜೊತೆಗೆ, ವಾರಕ್ಕೊಮ್ಮೆ 15ರಿಂದ 20 ನಿಮಿಷ ಕರೆ ಮಾಡಿ, ಪೋಷಕರನ್ನೂ ಮಗುವನ್ನೂ ಫೋನಿನ ಮುಂದೆ ಕೂರಿಸಿಕೊಂಡು ಆ ಲೆಕ್ಕಗಳನ್ನು ಮಾಡಿಸಲಾಯಿತು. ಬರೀ ಸಂದೇಶದಿಂದ ಹೇಳಿಕೊಳ್ಳುವಂತಹ ಪರಿಣಾಮ ಆಗಲಿಲ್ಲ. ಕರೆಯೂ ಸೇರಿದ ಕಡೆ ಮಕ್ಕಳ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ನಂತರ ಇದೇ ಕ್ರಮವನ್ನು ಭಾರತವೂ ಸೇರಿದಂತೆ ಕೀನ್ಯಾ, ನೇಪಾಳ, ಫಿಲಿಪ್ಪೀನ್ಸ್ ಮತ್ತು ಉಗಾಂಡಾ, ಹೀಗೆ ಐದು ದೇಶಗಳಲ್ಲಿ ಪರೀಕ್ಷಿಸಿದಾಗ ಪರಿಣಾಮ ಇನ್ನೂ ಹೆಚ್ಚಾಗಿ ಕಂಡಿತು. ಸ್ವಯಂಸೇವಾ ಸಂಸ್ಥೆಗಳವರು ಮಾಡಿದ ಕರೆಗಳಿಗಿಂತ ಸರ್ಕಾರಿ ಶಿಕ್ಷಕರ ಕರೆಗಳು ಯಾವ ರೀತಿಯಲ್ಲೂ ಕಡಿಮೆಯಾಗಿರಲಿಲ್ಲವೆಂಬ ಅಂಶ ನನಗೆ ವಿಶೇಷ ಸಂತೋಷ ಕೊಟ್ಟಿತು. ಸರ್ಕಾರಿ ಶಿಕ್ಷಕರ ಬಗ್ಗೆ ಸುಲಭವಾಗಿ ಹಗುರ ಮಾತನಾಡುವವರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಇಟಲಿಯಲ್ಲಿಯೂ ಅದೇ ವರ್ಷ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ವಯಂಪ್ರೇರಿತರಾಗಿ, ಹಿಂದುಳಿದ ಕುಟುಂಬಗಳ ಶಾಲಾ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಒಬ್ಬರಿಗೊಬ್ಬರಂತೆ ಪಾಠ ಹೇಳಿಕೊಟ್ಟಾಗ ಕಲಿಕೆಯ ಜೊತೆಗೆ ಮಕ್ಕಳ ಮನಸ್ಸಿನ ನೆಮ್ಮದಿಯೂ ಸುಧಾರಿಸಿದ್ದು ದಾಖಲಾಗಿದೆ.

ಆದರೆ ಕರೆ ಮಾಡಿದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆಂದು ಹೇಳಿದರೆ ನಾನೂ ಟ್ಯಾಬ್ಲೆಟ್ ಮಾರುವವರ ಸಾಲಿಗೇ ಸೇರಿದಂತಾಗುತ್ತದೆ. ಸಿಯೆರಾ ಲಿಯೋನ್ ದೇಶ 2014ರ ಎಬೋಲಾ ಕಾಲದಲ್ಲಿ ಶಾಲೆಗಳನ್ನು ಮುಚ್ಚಿ ರೇಡಿಯೊ ಪಾಠ ನಡೆಸಿದ ಅನುಭವವಿದ್ದ ದೇಶ. ಆ ಅನುಭವದ ಬಲದಿಂದ 2020ರಲ್ಲಿ ಬಹು ಬೇಗ ರೇಡಿಯೊ ಪಾಠವನ್ನು ಮತ್ತೆ ಆರಂಭಿಸಿತು. ಅಲ್ಲಿ ರೇಡಿಯೊ ಪಾಠದ ಜೊತೆಗೆ ಶಿಕ್ಷಕರು ವಾರಕ್ಕೊಮ್ಮೆ ಕರೆ ಮಾಡಿ ಮಕ್ಕಳೊಂದಿಗೆ ಮಾತನಾಡುವ ವ್ಯವಸ್ಥೆಯನ್ನೂ ಪರೀಕ್ಷಿಸಲಾಯಿತು. ಮಕ್ಕಳು ಓದಿನಲ್ಲಿ ತೊಡಗಿಕೊಂಡದ್ದು ಹೆಚ್ಚಾಯಿತು, ಪರೀಕ್ಷೆಯ ಅಂಕ ಹೆಚ್ಚಾಗಲಿಲ್ಲ. ಸಿಯೆರಾ ಲಿಯೋನ್ ಮತ್ತು ಬೋಟ್ಸ್‌ವಾನಾಗಳ ಫಲಿತಾಂಶ ಏಕೆ ಬೇರೆಯಾಯಿತೆಂಬುದಕ್ಕೆ ಒಂದೇ ಕಾರಣ ಹೇಳುವುದು ದುಡುಕಾದೀತು. ಆದರೂ ತರಗತಿಯಲ್ಲಿ ನಿಂತವರಿಗೆ ಒಂದು ಊಹೆ ಸಹಜವಾಗಿ ಹೊಳೆಯುತ್ತದೆ. ಒಂದು ಕಡೆ ಕರೆಗಳು ಪ್ರಸಾರವಾದ ಪಠ್ಯದ ಹಿಂದೆ ಹೋಗುತ್ತಿದ್ದವು. ಇನ್ನೊಂದು ಕಡೆ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಮೂಲ ಲೆಕ್ಕಗಳಲ್ಲಿ ಮಗು ಎಲ್ಲಿ ತಡವರಿಸುತ್ತಿದೆಯೋ ಅಲ್ಲಿಂದ ಆರಂಭವಾಗುತ್ತಿದ್ದವು.

ಈ ವ್ಯತ್ಯಾಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ, ಏಕೆಂದರೆ ಸುತ್ತೋಲೆ ಬರೆಯುವವರು ಎಡವುವುದು ಇಲ್ಲೇ. ಶಾಲೆ ಮುಚ್ಚಿದ ದಿನ ಐದನೇ ತರಗತಿಯಲ್ಲಿರುವ ನಲವತ್ತು ಮಕ್ಕಳು ಒಂದೇ ಮಟ್ಟದಲ್ಲಿರುವುದಿಲ್ಲ. ಕೆಲವರು ಪಠ್ಯವನ್ನು ತಾವೇ ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಕೆಲವರಿಗೆ ಒತ್ತಕ್ಷರ ಬಂದಲ್ಲೆಲ್ಲ ಓದು ನಿಲ್ಲುತ್ತದೆ, ಇಬ್ಬರು ಮೂವರಿಗೆ ಕಾಗುಣಿತವೇ ಗಟ್ಟಿಯಾಗಿರುವುದಿಲ್ಲ. ತರಗತಿಯೊಳಗೆ ಶಿಕ್ಷಕರು ಇದನ್ನು ಮುಖ ನೋಡಿಯೇ ತಿಳಿದು, ಒಬ್ಬನಿಗೆ ಒಂದು ಕೆಲಸ ಹಚ್ಚಿ ಇನ್ನೊಬ್ಬಳ ಪಕ್ಕದಲ್ಲಿ ಹೋಗಿ ಕೂರುತ್ತಾರೆ. ದೂರದ ಪಾಠ ಈ ನಲವತ್ತು ಮಕ್ಕಳಿಗೂ ಒಂದೇ ಹಾಳೆಯನ್ನು, ಒಂದೇ ವಿಡಿಯೊವನ್ನು, ಒಂದೇ ದಿನ ಕಳುಹಿಸುತ್ತದೆ. ಓದಬಲ್ಲ ಮಗುವಿಗೆ ಅದು ಅಷ್ಟಾಗಿ ಬೇಕಾಗಿರಲಿಲ್ಲ, ಓದಲಾಗದ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಮೊದಲ ಕರೆಯಲ್ಲಿ ಪಾಠ ಮಾಡಬಾರದು. ನಾಲ್ಕು ಸಾಲು ಓದಿಸಿ ಕೇಳಬೇಕು, ದಶಕ ತೆಗೆದುಕೊಂಡು ಕಳೆಯುವ ಒಂದು ಲೆಕ್ಕವನ್ನು ಬಾಯಲ್ಲಿ ಹೇಳುತ್ತಾ ಮಾಡಿಸಬೇಕು, ಮಗು ಎಲ್ಲಿ ನಿಂತಿತೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಎರಡನೆಯ ಕರೆ ಅಲ್ಲಿಂದ ಮುಂದುವರಿಯಬೇಕು. ಪಠ್ಯಕ್ರಮ ಮುಗಿಸುವ ಒತ್ತಡವನ್ನು ಶಿಕ್ಷಕರ ಮೇಲಿನಿಂದ ಲಿಖಿತವಾಗಿ ತೆಗೆದುಹಾಕದಿದ್ದರೆ ಇದಾವುದೂ ನಡೆಯುವುದಿಲ್ಲ, ಏಕೆಂದರೆ ವರದಿಯಲ್ಲಿ ಎಷ್ಟು ಘಟಕ ಮುಗಿಯಿತೆಂದು ಕೇಳುವವರೆಗೂ ಶಿಕ್ಷಕರು ಘಟಕಗಳನ್ನೇ ಮುಗಿಸುತ್ತಾರೆ.

ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕೋಣ. ನಲವತ್ತು ಮಕ್ಕಳಿಗೆ ವಾರಕ್ಕೆ ತಲಾ ಹದಿನೈದು ನಿಮಿಷವೆಂದರೆ 600 ನಿಮಿಷ, ಅಂದರೆ ವಾರಕ್ಕೆ ಹತ್ತು ಗಂಟೆ. ಸಿಗದ ಕರೆಗಳು, ಮತ್ತೆ ಮಾಡುವ ಕರೆಗಳು, ಬರೆದಿಡುವ ಕೆಲಸ ಎಲ್ಲ ಸೇರಿ ಹದಿನೈದು ಗಂಟೆಯಾಗಲಿ. ಶಾಲೆ ತೆರೆದಿದ್ದಾಗ ಶಿಕ್ಷಕರು ತರಗತಿಯಲ್ಲಿ ಕಳೆಯುವ ಸಮಯಕ್ಕಿಂತ ಇದು ಕಡಿಮೆಯೇ. ಪ್ರೌಢಶಾಲೆಯಲ್ಲಿ ಒಬ್ಬ ವಿಷಯ ಶಿಕ್ಷಕರು ಇನ್ನೂರು ಮಕ್ಕಳಿಗೆ ಪಾಠ ಮಾಡುವುದರಿಂದ ಅಲ್ಲಿ ವಿಷಯವಾರು ಹಂಚಿಕೆ ಬಿಟ್ಟು, ಶಾಲೆಯ ಎಲ್ಲ ಶಿಕ್ಷಕರಿಗೂ ಮಕ್ಕಳನ್ನು ಸಮನಾಗಿ ಹಂಚಬೇಕು. ವಿಜ್ಞಾನದ ಶಿಕ್ಷಕರು ಇತಿಹಾಸದ ಸಂದೇಹ ಬಗೆಹರಿಸಲಾರರು, ನಿಜ. ಯಾರನ್ನು ಕೇಳಬೇಕೆಂದು ಹೇಳಿ ಆ ಶಿಕ್ಷಕರಿಗೆ ವಿಷಯ ಮುಟ್ಟಿಸಬಲ್ಲರು. ಇಷ್ಟು ಸಮಯ ಸಿಗಬೇಕಾದರೆ ಸಾಂಕ್ರಾಮಿಕದ ಅವಧಿಯಲ್ಲಿ ಶಿಕ್ಷಕರನ್ನು ಸಮೀಕ್ಷೆ, ತಪಾಸಣೆ ಮತ್ತಿತರ ಕೆಲಸಗಳಿಗೆ ಮನಬಂದಂತೆ ಎಳೆಯುವುದನ್ನು ನಿಲ್ಲಿಸಬೇಕು. ಕರೆಯ ಖರ್ಚನ್ನೂ ಅವರ ಕೈಯಿಂದ ಹಾಕಿಸಬಾರದು. ಮೊತ್ತ ಸಣ್ಣದೆಂಬ ಕಾರಣಕ್ಕೆ ಯಾರೂ ಕೇಳದ, ಕೇಳದ ಕಾರಣಕ್ಕೆ ಯಾರೂ ಕೊಡದ ಖರ್ಚು ಇದು.

ಇನ್ನು ಹಾಜರಿಯ ಮಾತು. ದೂರದ ಕಲಿಕೆಯ ದಿನಗಳಲ್ಲಿ ಹಲವು ವ್ಯವಸ್ಥೆಗಳು ಲಾಗಿನ್ ಆದವರ ಸಂಖ್ಯೆಯನ್ನೋ, ವಾಟ್ಸ್ಆ್ಯಪ್ ಗುಂಪಿನಲ್ಲಿ ಪಾಠ ನೋಡಿದವರ ಸಂಖ್ಯೆಯನ್ನೋ ಹಾಜರಿಯೆಂದು ಬರೆದುಕೊಂಡವು. ಎರಡು ನೀಲಿ ಗೆರೆ ಮೂಡಿದ ಮಾತ್ರಕ್ಕೆ ಅಲ್ಲೊಂದು ಮಗು ಕಲಿತಿದೆಯೆಂದು ನಂಬುವಷ್ಟು ಮುಗ್ಧರು ಯಾವ ಕಚೇರಿಯಲ್ಲೂ ಇರಲಾರರು. ಆದರೂ ವರದಿ ಹಾಗೇ ಮೇಲೆ ಹೋಯಿತು. ಈ ಬಗೆಯ ಲೆಕ್ಕ ಇರುವವರನ್ನು ಎಣಿಸುತ್ತದೆ, ಇಲ್ಲದವರನ್ನು ಮರೆಸುತ್ತದೆ. ನನ್ನ ಸಲಹೆ ಇದಕ್ಕೆ ತಿರುಗುಮುರುಗು. ವಾರದ ಕೊನೆಯಲ್ಲಿ ಶಾಲೆಯಿಂದ ಹೋಗುವ ವರದಿಯಲ್ಲಿ ಇರಬೇಕಾದದ್ದು ಸಂಪರ್ಕ ಸಿಗದ ಮಕ್ಕಳ ಹೆಸರುಗಳು ಮಾತ್ರ. ಒಂದು ವಾರ ಸಿಗದಿದ್ದರೆ ಮುಖ್ಯ ಶಿಕ್ಷಕರು ವಿಚಾರಿಸಬೇಕು. ಎರಡು ವಾರ ಸಿಗದಿದ್ದರೆ ಶಾಲೆಯ ಆಡಳಿತ ಸಮಿತಿಯ ಸದಸ್ಯರು, ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಅಥವಾ ನೆರೆಯ ಪೋಷಕರ ಮೂಲಕ ಆ ಮನೆಯ ಸ್ಥಿತಿ ತಿಳಿಯಬೇಕು. ಕುಟುಂಬ ಬೇರೆ ಊರಿಗೆ ಹೋಗಿರಬಹುದು, ಮಗುವನ್ನು ಕೆಲಸಕ್ಕೆ ಹಚ್ಚಿರಬಹುದು, ಹೆಣ್ಣುಮಗುವಿನ ಮದುವೆಯ ಮಾತುಕತೆ ನಡೆಯುತ್ತಿರಬಹುದು, ಮನೆಯಲ್ಲಿ ಯಾರಾದರೂ ತೀರಿಕೊಂಡಿರಬಹುದು. ಶಾಲೆ ತೆರೆದಿದ್ದಾಗ ಇವೆಲ್ಲ ಹಾಜರಿ ಪುಸ್ತಕದಲ್ಲಿನ ಒಂದು ಖಾಲಿ ಜಾಗದಿಂದಲೇ ಶಿಕ್ಷಕರ ಗಮನಕ್ಕೆ ಬರುತ್ತಿದ್ದವು. ಮಗುವಿನ ಮೇಲೆ ನಡೆಯುವ ದೌರ್ಜನ್ಯ ಹೊರಬರುವ ಮುಖ್ಯ ದಾರಿಗಳಲ್ಲಿ ಶಾಲೆಯೂ ಒಂದಾಗಿರುವಾಗ, ಆ ದಾರಿಯನ್ನು ಮುಚ್ಚಿ ಬದಲಿ ದಾರಿ ಮಾಡದಿರುವುದು ಕಲಿಕೆಯ ನಷ್ಟಕ್ಕಿಂತ ದೊಡ್ಡ ತಪ್ಪು.

ಊಟದ ವಿಷಯವನ್ನು ಕಲಿಕೆಯಿಂದ ಬೇರೆಯಾಗಿ ನೋಡುವ ಅಭ್ಯಾಸ ನಮ್ಮ ಆಡಳಿತಗಳಿಗಿದೆ. 2020ರಲ್ಲಿ ಶಾಲೆ ಮುಚ್ಚಿದ್ದರಿಂದ ಜಗತ್ತಿನಾದ್ಯಂತ ಸುಮಾರು 37 ಕೋಟಿ ಮಕ್ಕಳಿಗೆ ಶಾಲೆಯಲ್ಲಿ ಸಿಗುತ್ತಿದ್ದ ಊಟ ತಪ್ಪಿತೆಂದು ವಿಶ್ವ ಆಹಾರ ಕಾರ್ಯಕ್ರಮ ಅಂದಾಜು ಮಾಡಿತ್ತು. ಕೆಲವೆಡೆ ಪೊಟ್ಟಣ, ಕೆಲವೆಡೆ ಧಾನ್ಯ, ಕೆಲವೆಡೆ ಹಣ ಅಥವಾ ವೋಚರ್ ಕೊಡಲಾಯಿತು. ಈ ವಿತರಣೆಯ ದಿನವನ್ನೇ ಅಭ್ಯಾಸ ಹಾಳೆ ಕೊಡುವ ಮತ್ತು ಹಿಂದಿನ ವಾರದ ಹಾಳೆ ಮರಳಿ ಪಡೆಯುವ ದಿನವನ್ನಾಗಿ ಮಾಡಿಕೊಂಡರೆ ಪೋಷಕರು ಎರಡು ಸಲ ಓಡಾಡಬೇಕಿಲ್ಲ. ಮುದ್ರಿತ ಹಾಳೆಗಳನ್ನು ನಾನು ಬಲವಾಗಿ ಸಮರ್ಥಿಸುತ್ತೇನೆ, ಆದರೆ ತಿದ್ದಿ ವಾಪಸು ಕೊಡುವುದಾದರೆ ಮಾತ್ರ. ಶಿಕ್ಷಕರ ಕೆಂಪು ಶಾಯಿ ಬೀಳದ ಹಾಳೆ ಮೂರನೆಯ ವಾರಕ್ಕೆ ಖಾಲಿಯಾಗಿಯೇ ಬರುತ್ತದೆ. ನಾಲ್ಕನೆಯ ವಾರಕ್ಕೆ ಬರುವುದೇ ಇಲ್ಲ.

ಕಣ್ಣು ಕಾಣದ, ಕಿವಿ ಕೇಳದ ಅಥವಾ ನಿಧಾನವಾಗಿ ಕಲಿಯುವ ಮಕ್ಕಳಿಗೆ ಮೇಲೆ ಹೇಳಿದ ಯಾವುದೂ ಹಾಗೇ ಹೊಂದುವುದಿಲ್ಲ. ಕಿವಿ ಕೇಳದ ಮಗುವಿಗೆ ದೂರವಾಣಿ ಕರೆ ನಿರುಪಯೋಗಿ. ಅಂತಹ ಮಗುವಿಗೆ ವಿಡಿಯೊ ಕರೆ ಮಾಡಬಲ್ಲ ಸಾಧನವೇ ಬೇಕು, ಸಂಜ್ಞಾಭಾಷೆ ಬಲ್ಲವರೂ ಬೇಕು. ಎಲ್ಲರಿಗೂ ಒಂದೊಂದು ಟ್ಯಾಬ್ಲೆಟ್ ಎಂದು ಘೋಷಿಸಿ ಯಾರಿಗೂ ಸರಿಯಾಗಿ ತಲುಪಿಸದೆ ಹೋಗುವುದಕ್ಕಿಂತ, ಇಂತಹ ಮಕ್ಕಳಿಗೆ ಮೊದಲು ಮುಟ್ಟಿಸುವುದು ನ್ಯಾಯ.

ಆ್ಯಪ್‌ಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳಲ್ಲಿ ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರಗಳು ಬಳಸಿದ ಅಥವಾ ಶಿಫಾರಸು ಮಾಡಿದ 164 ಶೈಕ್ಷಣಿಕ ತಂತ್ರಾಂಶಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ 89ರಷ್ಟು ಮಕ್ಕಳ ಹಕ್ಕುಗಳಿಗೆ ಅಪಾಯವಾಗುವಂತೆ ಅವರ ಮಾಹಿತಿಯನ್ನು ಬಳಸಿಕೊಳ್ಳುತ್ತಿದ್ದವೆಂದು 2022ರಲ್ಲಿ ವರದಿ ಮಾಡಿತು. ಉಚಿತವೆಂದು ಬಂದದ್ದಕ್ಕೆ ಮಕ್ಕಳ ಖಾಸಗಿ ವಿವರಗಳಲ್ಲಿ ಬೆಲೆ ತೆತ್ತೆವು. ಸರ್ಕಾರಿ ಶಾಲೆಯ ಮಗುವಿಗೆ ಆ್ಯಪ್ ಬಳಸದಿರುವ ಆಯ್ಕೆಯೇ ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು, ಏಕೆಂದರೆ ಸೂಚನೆ ಬಂದದ್ದು ಶಾಲೆಯಿಂದ.

ಕೊನೆಯದಾಗಿ, ಶಾಲೆ ಮತ್ತೆ ತೆರೆದ ದಿನದ ಬಗ್ಗೆ. ದೂರದ ನೆರವಿನ ಯೋಜನೆಗಳು ಸಾಮಾನ್ಯವಾಗಿ ಬಾಗಿಲು ತೆರೆದ ದಿನವೇ ಮುಗಿದುಹೋಗುತ್ತವೆ. ಅಲ್ಲಿಂದಾಚೆಗೆ ನಡೆಯಬೇಕಾದ ಕೆಲಸವೇ ಹೆಚ್ಚು. 2005ರಲ್ಲಿ ಪಾಕಿಸ್ತಾನದಲ್ಲಿ ಭೂಕಂಪವಾದಾಗ ಪೀಡಿತ ಪ್ರದೇಶದ ಶಾಲೆಗಳು ಸುಮಾರು ಮೂರು ತಿಂಗಳು ಮುಚ್ಚಿದ್ದವು. ನಾಲ್ಕು ವರ್ಷಗಳ ನಂತರ ಸಂಶೋಧಕರು ಹೋಗಿ ನೋಡಿದಾಗ, ಭೂಕಂಪದ ಬಿರುಕಿಗೆ ಹತ್ತಿರವಿದ್ದ ಊರುಗಳ ಮಕ್ಕಳು ದೂರದ ಊರುಗಳ ಮಕ್ಕಳಿಗಿಂತ ಒಂದೂವರೆ ವರ್ಷದಷ್ಟು ಕಲಿಕೆಯಲ್ಲಿ ಹಿಂದಿದ್ದರು. ಮುಚ್ಚಿದ್ದು ಮೂರು ತಿಂಗಳು, ಹಿಂದೆ ಬಿದ್ದದ್ದು ಒಂದೂವರೆ ವರ್ಷ. ಶಾಲೆ ತೆರೆದ ಮೇಲೆ ಶಿಕ್ಷಕರು ಪಠ್ಯವನ್ನು ಇರಬೇಕಾದ ಜಾಗದಿಂದ ಮುಂದುವರಿಸಿದರು, ಮಕ್ಕಳು ಇದ್ದದ್ದು ಬೇರೆ ಜಾಗದಲ್ಲಿ ಎಂಬುದು ಇದಕ್ಕಿರುವ ಸಂಭವನೀಯ ವಿವರಣೆ. ಉಗಾಂಡಾದಲ್ಲಿ 2020ರ ಮಾರ್ಚ್‌ನಿಂದ 2022ರ ಜನವರಿಯವರೆಗೆ, ಅಂದರೆ ಹೆಚ್ಚುಕಡಿಮೆ ಎರಡು ವರ್ಷ ಬಹುಪಾಲು ಮಕ್ಕಳು ಶಾಲೆಯ ಮುಖ ನೋಡಲಿಲ್ಲ. ಅಷ್ಟು ದೀರ್ಘ ಅವಧಿಯ ನಂತರ ‘ಮುಂದಿನ ಪಾಠ’ ಎನ್ನುವುದಕ್ಕೆ ಏನು ಅರ್ಥ? ಮುಚ್ಚಿದ್ದ ಅವಧಿಯಲ್ಲಿ ಪ್ರತಿ ಮಗುವಿನ ಕರೆಯ ಟಿಪ್ಪಣಿ ಇಟ್ಟುಕೊಂಡಿದ್ದರೆ, ಯಾರನ್ನು ಎಲ್ಲಿಂದ ಆರಂಭಿಸಬೇಕು, ಯಾರ ಮನೆಗೆ ಹೋಗಿ ಶಾಲೆಗೆ ಕರೆತರಬೇಕು ಎಂಬುದು ಮೊದಲ ದಿನವೇ ಶಿಕ್ಷಕರ ಕೈಯಲ್ಲಿರುತ್ತದೆ.

ಈ ಯಾವುದನ್ನೂ ಶಾಲೆ ಮುಚ್ಚಿದ ಮೇಲೆ ಆರಂಭಿಸಲಾಗದು. ಶಾಲೆಯಲ್ಲಿರುವ ಪೋಷಕರ ದೂರವಾಣಿ ಸಂಖ್ಯೆಗಳನ್ನು ವರ್ಷಕ್ಕೆರಡು ಬಾರಿ ಪರಿಶೀಲಿಸಿ ಸರಿಪಡಿಸಬೇಕು. ದಾಖಲಾತಿಯ ದಿನ ಬರೆದುಕೊಂಡ ಸಂಖ್ಯೆಗಳಲ್ಲಿ ಎಷ್ಟು ಬದಲಾಗಿವೆಯೆಂಬುದು ಕರೆ ಮಾಡಿದವರಿಗೇ ಗೊತ್ತು. ಒಂದಕ್ಕಿಂತ ಹೆಚ್ಚು ಸಂಖ್ಯೆ, ಫೋನ್ ಮನೆಯಲ್ಲಿರುವ ಹೊತ್ತು, ಫೋನ್ ಇಲ್ಲದಿದ್ದರೆ ಯಾರ ಮೂಲಕ ಸಂಪರ್ಕಿಸಬೇಕು ಎಂಬ ವಿವರ ಅದರಲ್ಲಿರಬೇಕು. ಪ್ರತಿ ಶಾಲೆಯಲ್ಲಿ ಯಾವ ಮಕ್ಕಳು ಯಾವ ಶಿಕ್ಷಕರ ಹೊಣೆ ಎಂಬ ಪಟ್ಟಿ ಜೂನ್ ತಿಂಗಳಲ್ಲೇ ಸಿದ್ಧವಾಗಲಿ, ಅದು ಪೋಷಕರಿಗೂ ತಿಳಿದಿರಲಿ. ವರ್ಷದಲ್ಲಿ ಒಂದು ವಾರ, ಶಾಲೆ ಎಂದಿನಂತೆ ನಡೆಯುತ್ತಿರುವಾಗಲೇ, ಸಂಜೆ ಹೊತ್ತಿನಲ್ಲಿ ಈ ಕರೆಗಳನ್ನು ಮಾಡಿ ನೋಡಲಿ. ತಪ್ಪು ಸಂಖ್ಯೆ, ಸಿಗ್ನಲ್ ಸಿಗದ ಕೇರಿ, ಮಾತನಾಡಲು ಹಿಂಜರಿಯುವ ಮಗು, ಎಲ್ಲವೂ ಆ ಒಂದು ವಾರದಲ್ಲೇ ಗೊತ್ತಾಗುತ್ತವೆ ಮತ್ತು ಸರಿಪಡಿಸಲು ಸಮಯವೂ ಇರುತ್ತದೆ. ಶಿಕ್ಷಣ ಇಲಾಖೆ ಇಂತಹದೊಂದು ಯೋಜನೆಯನ್ನು ಸಿದ್ಧಪಡಿಸಿ, ಕರೆಯ ವೆಚ್ಚಕ್ಕೆ ಹಣ ತೆಗೆದಿರಿಸಿ, ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಬೇಕು. ತಮ್ಮ ಪತ್ರಿಕೆ ಶಿಕ್ಷಕರಿಂದಲೂ ಪೋಷಕರಿಂದಲೂ, ಮುಖ್ಯವಾಗಿ ಆ ಎರಡು ವರ್ಷ ಮನೆಯಲ್ಲಿ ಕುಳಿತು ಈಗ ದೊಡ್ಡವರಾಗಿರುವ ಅಂದಿನ ವಿದ್ಯಾರ್ಥಿಗಳಿಂದಲೂ ಈ ಬಗ್ಗೆ ಬರಹಗಳನ್ನು ಆಹ್ವಾನಿಸಿದರೆ ಇಲಾಖೆಯ ಕೆಲಸ ಸುಲಭವಾಗುತ್ತದೆ.

ಇಂತಿ,
ತಮ್ಮ ವಿಶ್ವಾಸಿ,
ಸರ್ಕಾರಿ ಶಾಲೆಯ ನಿವೃತ್ತ ಶಿಕ್ಷಕಿ